ವೈನಿಯ ಸೂಜಿ ಕಾಗದ

ಹುಬ್ಬಳ್ಳಿಯ ನಮ್ಮ ಓಣಿಯಲ್ಲಿ ಮೊದಲು ವಿಮಾನ ಹತ್ತಿದ ಹೆಣ್ಣುಮಕ್ಕಳು ಇಬ್ಬರು: ನಾನು, ಮತ್ತು ನನ್ನ ಅಣ್ಣನ ಹೆಂಡತಿ, ನಮ್ಮ ವೈನಿ. ಒಂದೇ ದಿನ, ಒಂದೇ ವಿಮಾನದಲ್ಲಿ ಲಂಡನ್ನಿಗೆಂದು ಹೊರಟವರು. ನಾನು ಮುಟ್ಟಿದೆ. ವೈನಿ ನಡುದಾರಿಯ ಕೈರೊದಿಂದ ತಿರುಗಿ ಬಂದಳು. ಯಾಕೆ ಬಂದಳು ಎಂದು ಕೇಳಿದರೆ ಓಣಿಯ ಕೂಸುಗಳೂ ಹೇಳುತ್ತವೆ: ಸೂಜಿ ಮಾಡಿಸಿಕೊಂಡ ಕಾಗದ ಕಳೆದುಕೊಂಡಳು. ಅದು ಸುಳ್ಳು. ಆ ಕಾಗದ ನನ್ನ ಹತ್ತಿರ ಇತ್ತು. ಈಗಲೂ ಇದೆ.

ಎದುರಿಗೆ ನಾನು ಆಕೆಗೆ ‘ರೀ’ ಹಚ್ಚಿಯೇ ಮಾತನಾಡುತ್ತಿದ್ದೆ. ಮನಸ್ಸಿನೊಳಗೆ ಮಾತ್ರ ಯಾವತ್ತೂ ಏಕವಚನ. ಇಲ್ಲಿಯೂ ಹಾಗೇ ಬರೆಯುತ್ತೇನೆ. ಇಷ್ಟು ವರ್ಷ ಸುಳ್ಳು ಹೇಳಿದವಳು ಇದೊಂದರಲ್ಲಿ ಮರ್ಯಾದಸ್ಥಳಂತೆ ನಟಿಸುವುದು ಬೇಡ.

ನಮ್ಮದು ಹತ್ತಿ ವ್ಯಾಪಾರದ ಮನೆತನ. ಅಣ್ಣ ಡಾಕ್ಟರಿಕೆ ಕಲಿಯಲು ಹಡಗು ಹತ್ತಿ ವಿಲಾಯತಿಗೆ ಹೋದಾಗ ಅವನ ಮದುವೆಯಾಗಿ ವರ್ಷ ತುಂಬಿರಲಿಲ್ಲ. ಅವನ ಬೆನ್ನಿಗೇ ಮಹಾಯುದ್ಧ ಬಂತು. ಯುದ್ಧ ಮುಗಿಯಿತು, ಸ್ವಾತಂತ್ರ್ಯವೂ ಬಂತು, ಅಣ್ಣ ಬರಲಿಲ್ಲ. ಇನ್ನೊಂದು ಪರೀಕ್ಷೆ ಇದೆ, ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿದೆ ಎಂದು ಪತ್ರಗಳು ಮಾತ್ರ ಬರುತ್ತಿದ್ದವು. ವೈನಿ ಗರಗದ ಹುಡುಗಿ. ಹದಿನಾರಕ್ಕೆ ನಮ್ಮ ಮನೆ ಸೇರಿದವಳು ಒಂಬತ್ತು ವರ್ಷ ನಮ್ಮ ಒಲೆಯ ಮುಂದೆ ರೊಟ್ಟಿ ಬಡಿದಳು. ಅಕ್ಷರ ಬಾರದು. ಪತ್ರ ಬಂದ ದಿನ ಕೈ ತೊಳೆದುಕೊಂಡು ಬಂದು ನನ್ನ ಪಕ್ಕ ಕೂಡುತ್ತಿದ್ದಳು, ನಾನು ಓದಿ ಹೇಳುತ್ತಿದ್ದೆ. ಅಣ್ಣ ಆಕೆಯ ಹೆಸರೆತ್ತದೆ ಬರೆದಿದ್ದರೆ ಒಂದು ಸಾಲು ನಾನೇ ಸೇರಿಸುತ್ತಿದ್ದೆ. ಅದು ದಯೆಯಿಂದಲ್ಲ. ಆಕೆ ಅಳುತ್ತ ಕೂತರೆ ಸಂಜೆಯ ರೊಟ್ಟಿ ತಡವಾಗುತ್ತಿತ್ತು.

ನಾನು ದಿನಾ ರೈಲಿನಲ್ಲಿ ಧಾರವಾಡಕ್ಕೆ ಹೋಗಿ ಕಾಲೇಜು ಕಲಿತವಳು. ಬಿ.ಎ. ಆದಮೇಲೆ ಲಂಡನ್ನಿನಲ್ಲಿ ಶಿಕ್ಷಕಿಯರ ತರಬೇತಿಗೆ ಅರ್ಜಿ ಹಾಕಿದೆ, ಸೀಟು ಸಿಕ್ಕಿತು. ಅದಕ್ಕಿಂತ ಹೆಚ್ಚಿನ ಆಸೆ ನನ್ನ ಜೀವಮಾನದಲ್ಲಿ ನನಗೆ ಮತ್ತೊಂದು ಹುಟ್ಟಿಲ್ಲ. ಅಪ್ಪ ಒಪ್ಪಲಿಲ್ಲ. ಮೂರು ದಿನ ನಾನು ಉಣ್ಣಲಿಲ್ಲ. ನಾಲ್ಕನೆಯ ದಿನ ಅಪ್ಪ ಹಾವೂ ಸಾಯದ, ಕೋಲೂ ಮುರಿಯದ ಒಂದು ಉಪಾಯ ಹುಡುಕಿದ.

“ನಿಮ್ಮ ವೈನಿನ್ನ ಕರಕೊಂಡು ಹೋಗು. ಆಕಿ ಗಂಡನ್ನ ಸೇರಲಿ, ನೀ ಸಾಲಿ ಕಲಿ. ಆಕಿಗೆ ಇಂಗ್ಲಿಷ್ ಬರೂದಿಲ್ಲ, ನಿನಗ ಲಗ್ನ ಆಗಿಲ್ಲ. ನೀ ಆಕಿ ನಾಲಿಗಿ, ಆಕಿ ನಿನ್ನ ಕಾವಲು. ಹೋಗೂದಾದ್ರ ಇಬ್ಬರೂ ಹೋಗ್ರಿ, ಇಲ್ಲಂದ್ರ ಒಬ್ಬರೂ ಬ್ಯಾಡ,” ಎಂದ.

ಅಣ್ಣನಿಗೆ ಅಪ್ಪನೇ ಪತ್ರ ಬರೆಸಿದ, ಉತ್ತರದ ಹಾದಿ ಕಾಯದೆ ಟಿಕೀಟನ್ನೂ ತೆಗೆಸಿದ. ಉತ್ತರ ಮನೆಗೆ ಬರಲಿಲ್ಲ, ಕಾಲೇಜಿನ ವಿಳಾಸಕ್ಕೆ ನನ್ನ ಹೆಸರಿಗೆ ಬಂತು. ಹೊರಡಲು ಇನ್ನು ಹನ್ನೆರಡು ದಿನವಿತ್ತು. ಪ್ರಮಾಣಪತ್ರ ತರಲು ಧಾರವಾಡಕ್ಕೆ ಹೋದವಳಿಗೆ ಅಲ್ಲಿಯ ಜವಾನ ಅದನ್ನು ಕೊಟ್ಟ. ಸ್ಟೇಶನ್ನಿನ ಬಾಕಿನ ಮೇಲೆ ಕೂತು ಒಡೆದೆ. ಇಲ್ಲಿ ನನಗೊಂದು ಸಂಸಾರವಾಗಿದೆ, ಹೆಂಡತಿ ಇಲ್ಲಿಯವಳು, ಒಂದು ಮಗುವೂ ಇದೆ. ನೀನು ಬಾ, ನಿನ್ನನ್ನು ನೋಡಿಕೊಳ್ಳುತ್ತೇನೆ. ಅವಳನ್ನು ಮಾತ್ರ ಕರೆತರಬೇಡ. ಅಪ್ಪನಿಗೆ ಹೇಗೆ ಹೇಳಬೇಕೋ ನೀನೇ ಹೇಳು. ಇಷ್ಟು ಬರೆದಿದ್ದ. ಹೇಡಿ ಎಂದು ಬೈದುಕೊಂಡೆ. ಆಮೇಲೆ ಕೂತಲ್ಲಿಯೇ ಲೆಕ್ಕ ಹಾಕಿದೆ. ಪತ್ರ ಅಪ್ಪನಿಗೆ ತೋರಿಸಿದರೆ ವೈನಿ ಉಳಿಯುತ್ತಾಳೆ. ವೈನಿ ಉಳಿದರೆ ನಾನೂ ಉಳಿಯುತ್ತೇನೆ. ಹುಬ್ಬಳ್ಳಿಯ ರೈಲು ಬರುವಷ್ಟರಲ್ಲಿ ಪತ್ರ ಹರಿದು ಹಳಿಯ ಮೇಲೆ ಚೆಲ್ಲಿಯಾಗಿತ್ತು.

ಮನೆಗೆ ಬಂದರೆ ವೈನಿ ಶೇಂಗಾ ಹೋಳಿಗೆಗೆ ಬೆಲ್ಲ ಕುಟ್ಟುತ್ತಿದ್ದಳು. ತಿಂಗಳಾದರೂ ಕೆಡುವುದಿಲ್ಲ, ಅವರಿಗೆ ಇದೇ ಸೇರುತ್ತಿತ್ತು ಎಂದಳು. ನಾನು ಒಂದು ಚಿಟಿಕೆ ಹೂರಣ ಬಾಯಿಗೆ ಹಾಕಿಕೊಂಡು, ಬೆಲ್ಲ ಕಡಿಮೆಯಾಗಿದೆ ಎಂದೆ.

ಆಗ ಪರದೇಶಕ್ಕೆ ಹೋಗುವವರು ಕಾಲರಾ ಸೂಜಿ ಚುಚ್ಚಿಸಿಕೊಂಡು, ಚುಚ್ಚಿದ್ದಕ್ಕೆ ಡಾಕ್ಟರರ ರುಜುವಿನ ಕಾಗದ ಹಿಡಿದುಕೊಂಡು ಹೋಗಬೇಕಿತ್ತು. ಚುಚ್ಚಿದ ಆರು ದಿನದ ಮೇಲೆ ಅದಕ್ಕೆ ಜೀವ ಬರುತ್ತಿತ್ತು, ಆರು ತಿಂಗಳಿಗೆ ಮುಗಿಯುತ್ತಿತ್ತು. ನನಗೆ ತೋಳು ಸ್ವಲ್ಪ ನೋಯಿತು, ಅಷ್ಟೇ. ವೈನಿಗೆ ಮೂರು ದಿನ ಚಳಿಜ್ವರ. ತೋಳು ಬಾತು ಕುಪ್ಪಸ ಏರಲಿಲ್ಲ. ಜ್ವರದಲ್ಲಿಯೇ ಎದ್ದು ಆ ಕಾಗದವನ್ನು ದೇವರ ಜಗಲಿಯ ಮೇಲಿಟ್ಟು, ಬೆರಳಿನಿಂದ ಅದರ ಮೂಲೆಗೆ ವಿಭೂತಿ ಹಚ್ಚಿದಳು. ಆಕೆಯ ಪದ್ಧತಿ ಅದು. ಅಚ್ಚಾದ ಅಕ್ಷರವಿರುವ ಯಾವ ಹೊಸ ಕಾಗದ ಕೈಗೆ ಬಂದರೂ ವಿಭೂತಿ ಹಚ್ಚಿಯೇ ಮಡಿಚಿಡುವುದು. ಪಾಸ್‌ಪೋರ್ಟಿಗೂ ಹಚ್ಚಿದಳು, ಟಿಕೀಟಿಗೂ ಹಚ್ಚಿದಳು. ಮುಂಬಯಿಯ ವಿಮಾನ ಕಚೇರಿಯ ಗುಮಾಸ್ತ ಅದನ್ನು ಉಫ್ ಎಂದು ಊದಿದಾಗ ನಾನು ನಾಚಿಕೆಯಿಂದ ಬೇರೆ ಕಡೆ ನೋಡಿದೆ.

ವಿಮಾನ ಏರಿದಾಗ ಕಿವಿಯಲ್ಲಿಟ್ಟುಕೊಳ್ಳಲು ಹತ್ತಿ ಕೊಟ್ಟರು, ಚೀಪಲು ಪೆಪ್ಪರಮೆಂಟು ಕೊಟ್ಟರು. ವೈನಿ ಪೆಪ್ಪರಮೆಂಟನ್ನು ಸೆರಗಿಗೆ ಕಟ್ಟಿಕೊಂಡಳು, ಹತ್ತಿಯನ್ನು ಕಿವಿಗೆ ಇಟ್ಟುಕೊಳ್ಳಲಿಲ್ಲ. ಎರಡೂ ಕೈಯ ಬೆರಳುಗಳಿಂದ ಹಿಂಜಿ, ಎಳೆ ತೆಗೆದು, ಬೆಳಕಿಗೆ ಹಿಡಿದಳು.

“ತಂಗಿ, ಇದು ನಮ್ಮ ಕಡೀ ಹತ್ತಿ ಅಲ್ಲ ನೋಡು. ಎಳಿ ಭಾಳ ಉದ್ದ ಐತಿ. ಮಾವನವರಿಗೆ ತೋರಿಸಬೇಕು.”

ಖರೆ ಹೇಳಬೇಕೆಂದರೆ ನಮ್ಮ ಅಂಗಡಿಯಲ್ಲಿ ಅಷ್ಟು ಚುರುಕಾಗಿ ಹತ್ತಿ ಗುರುತಿಸುವವರು ಅಪ್ಪನ ನಂತರ ಯಾರೂ ಇರಲಿಲ್ಲ. ಆಗ ಅದು ನನಗೆ ಹೊಳೆಯಲಿಲ್ಲ. “ಕಿವ್ಯಾಗ ಇಟ್ಕೋರಿ ಮೊದಲ, ಮಂದಿ ನೋಡಾಕತ್ತಾರ,” ಎಂದೆ. ಊಟದ ಹೊತ್ತಿಗೆ ಒಬ್ಬೊಬ್ಬರಿಗೆ ಸೂಜಿ ಕಾಗದದಂಥದೇ ಒಂದೊಂದು ಮಡಿಕೆಯ ಬಿಳಿ ಕಾಗದ ಕೊಟ್ಟರು. ಏನೇನು ಬಡಿಸುತ್ತಾರೆ ಎಂಬ ಪಟ್ಟಿ. ವೈನಿ ಅದಕ್ಕೂ ಸರಕಾರಿ ಮರ್ಯಾದೆ ಕೊಟ್ಟು, ವಿಭೂತಿ ಹಚ್ಚಿ, ಬಟ್ಟೆಯ ಚೀಲದಲ್ಲಿಟ್ಟುಕೊಂಡಳು. ಅದು ಊಟದ ಪಟ್ಟಿ ಎಂದು ಹೇಳಲು ನನಗೆ ಬೇಸರ. ಇಟ್ಟುಕೊಳ್ಳಲಿ ಬಿಡು ಅಂದುಕೊಂಡೆ.

ಕೈರೊದಲ್ಲಿ ಇಳಿದಾಗ ಬೆಳಗಾಗಿತ್ತು. ಒಂದು ತಾಸಿನ ನಿಲುಗಡೆ ಎಂದಿದ್ದರು. ತಾಸಾದ ಮೇಲೆ ಬಂದು, ನಾಲ್ಕು ಇಂಜಿನುಗಳಲ್ಲಿ ಒಂದು ಕೆಟ್ಟಿದೆ, ಈ ವಿಮಾನ ಮುಂದೆ ಹೋಗುವುದಿಲ್ಲ, ಸಂಜೆ ಬೇರೊಂದು ವಿಮಾನ ಬರುತ್ತದೆ, ಅದರಲ್ಲಿ ಕೂಡಿಸುತ್ತೇವೆ ಎಂದರು. ಅಲ್ಲಿಯವರೆಗೆ ಒಂದು ಉದ್ದನೆಯ ಹಾಲು, ಬೆತ್ತದ ಕುರ್ಚಿಗಳು, ಮೇಲೆ ತಿರುಗುವ ಪಂಖಾ, ಕಿಟಕಿಯಾಚೆ ಕಣ್ಣು ಮುಟ್ಟುವವರೆಗೂ ಉಸುಕು. ಹೊರಗೆ ಹೋಗಲು ಅಪ್ಪಣೆಯಿಲ್ಲ. ಹನ್ನೊಂದು ತಾಸು ನಾವು ಅಲ್ಲಿ ಕೂತೆವು.

ಆ ಹನ್ನೊಂದು ತಾಸಿನಲ್ಲಿ ವೈನಿ ಎಷ್ಟು ಮಾತನಾಡಿದಳೋ ಒಂಬತ್ತು ವರ್ಷದಲ್ಲಿ ಅಷ್ಟು ಆಡಿರಲಿಲ್ಲ. ನಮ್ಮ ಮನೆಯಲ್ಲಿ ಆಕೆಗೆ ಮಾತಿಗೆ ಜಾಗವೇ ಇರಲಿಲ್ಲ; ಇಲ್ಲಿ ಅತ್ತೆಯಿಲ್ಲ, ಒಲೆಯಿಲ್ಲ. ಅವರು ದಪ್ಪಗಾಗಿರಬಹುದೇ, ಕನ್ನಡಕ ಹಾಕಿಕೊಂಡಿರಬಹುದೇ, ಅಲ್ಲಿ ಜೋಳ ಸಿಗುತ್ತದೆಯೇ. ನಾನು ಹೂಂ ಎನ್ನುತ್ತಿದ್ದೆ. ನನ್ನ ತಲೆಯೊಳಗೆ ಒಂದೇ ವಿಚಾರ: ನಾಳೆ ಲಂಡನ್ನಿನಲ್ಲಿ ಅಣ್ಣನ ಎದುರಿಗೆ ಇವಳನ್ನು ನಿಲ್ಲಿಸಿ ನಾನು ಏನು ಹೇಳಲಿ? ಇವಳು ಅಲ್ಲಿ ಕೂತು ಅತ್ತರೆ ಇವಳನ್ನು ಕರೆದುಕೊಂಡು ಊರಿಗೆ ಮರಳುವ ಪಾಳಿ ಯಾರದು? ನನ್ನದೇ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎನ್ನುತ್ತಾರೆ. ನನ್ನ ಹೊಳೆ ಅರ್ಧ ದಾಟಿತ್ತು, ಅಂಬಿಗಿತ್ತಿ ಪಕ್ಕದಲ್ಲೇ ಕೂತಿದ್ದಳು.

“ತಂಗಿ, ಅವರ ಮುಂದ ನಿಂತಾಗ ಇಂಗ್ಲಿಷಿನ್ಯಾಗ ಒಂದ ಮಾತರ ಆಡಬೇಕು ಅನಸತೈತಿ. ‘ನಾ ಬಂದೇನಿ’ ಅನ್ನೂದಕ್ಕ ಏನಂತಾರ?”

“ಐ ಹ್ಯಾವ್ ಕಮ್.”

“ಐ ಹ್ಯಾವ ಕಮ್ಮ.”

“ಕಮ್ಮ ಅಲ್ಲರಿ, ಕಮ್.”

ಅದನ್ನು ಆಕೆ ಜಪದ ಹಾಗೆ ಹಿಡಿದಳು. ಕುರ್ಚಿಯಲ್ಲಿ ಕಾಲು ಮಡಿಚಿ ಕೂತು, ಕಿಟಕಿಯ ಕಡೆ ಮುಖ ಮಾಡಿ, ಐ ಹ್ಯಾವ್ ಕಮ್, ಐ ಹ್ಯಾವ್ ಕಮ್. ಒಮ್ಮೆ ನಗುತ್ತ, ಒಮ್ಮೆ ನಾಚಿಕೊಂಡು, ಒಮ್ಮೆ ಸ್ವಲ್ಪ ಸಿಟ್ಟಿನಿಂದ. ಒಂಬತ್ತು ವರ್ಷದ ಮೇಲೆ ಗಂಡನ ಮುಂದೆ ಯಾವ ಮುಖದಲ್ಲಿ ನಿಲ್ಲಬೇಕೆಂದು ನೋಡಿಕೊಳ್ಳುತ್ತಿದ್ದಳು. ಪಕ್ಕದಲ್ಲಿದ್ದ ಒಬ್ಬ ದೊರೆಸಾನಿ ನಕ್ಕಳು. ನಾನೂ ಅವಳ ಕಡೆ ನೋಡಿ ನಕ್ಕೆ, ವೈನಿ ನನಗೇನೂ ಸಂಬಂಧವಿಲ್ಲದವಳು ಎಂಬಂತೆ.

ಮಧ್ಯಾಹ್ನವಾದರೂ ವೈನಿ ಹನಿ ನೀರು ಮುಟ್ಟಿರಲಿಲ್ಲ. ಜಳಕ ಆಗಬೇಕು, ಲಿಂಗಪೂಜೆ ಆಗಬೇಕು, ಆಮೇಲೆ ನೀರು. ಮನೆಯಲ್ಲಿ ನಮಗೆಲ್ಲ ಇದ್ದದ್ದು ಅದೇ ನೇಮ; ನಾನು ಕಾಲೇಜು ಸೇರಿದ ಮೇಲೆ ಅರ್ಧಮರ್ಧ ಬಿಟ್ಟಿದ್ದೆ. ಕೊನೆಗೆ ಬಚ್ಚಲು ತೋರಿಸಿದೆ. ಬಟ್ಟೆಯ ಚೀಲವನ್ನು ನನ್ನ ತೊಡೆಯ ಮೇಲಿಟ್ಟು, “ಕಾಗದ ತೊಯ್ದಾವು, ನೀನ ಹಿಡಕೊ,” ಎಂದು ಹೋದಳು. ಪೂಜೆಯ ಗಂಟು ಮಾತ್ರ ಒಯ್ದಳು.

ಆಕೆ ಒಳಗಿದ್ದಾಗ ಕಂಪನಿಯವನೊಬ್ಬ ಬಂದು, ವಿಮಾನ ಬದಲಾಗುವುದರಿಂದ ಎಲ್ಲರ ಸೂಜಿ ಕಾಗದ ಇನ್ನೊಮ್ಮೆ ನೋಡುತ್ತಾರೆ, ಸಿದ್ಧ ಇಟ್ಟುಕೊಳ್ಳಿ ಎಂದು ಹೇಳಿ ಹೋದ. ನಾನು ಚೀಲ ಬಿಚ್ಚಿ ವೈನಿಯ ಕಾಗದ ತೆಗೆದು ನನ್ನ ಕೈಚೀಲದಲ್ಲಿ ನನ್ನದರ ಕೆಳಗೆ ಇಟ್ಟುಕೊಂಡೆ. ಈ ಹೊತ್ತಿನವರೆಗೆ ನನ್ನ ಮನಸ್ಸಿನಲ್ಲಿ ಏನೂ ಇರಲಿಲ್ಲ. ಇದನ್ನು ನಂಬುವುದು ಬಿಡುವುದು ಓದುವವರಿಗೆ ಬಿಟ್ಟದ್ದು.

ವೈನಿ ಒದ್ದೆ ಕೂದಲು ಗಂಟು ಹಾಕಿಕೊಂಡು ಬಂದು, ಹಾಲಿನ ಮೂಲೆಯಲ್ಲಿ ಪಂಜೆ ಹಾಸಿ ಕೂತಳು. ಎಡಗೈಯ ಅಂಗೈಯಲ್ಲಿ ಲಿಂಗ, ಬಲಗಡೆ ನೀರಿನ ತಂಬಿಗೆ, ಮನೆಯಿಂದ ತಂದ ಒಣಗಿದ ಪತ್ರಿ. ವಿಭೂತಿಯ ಉಂಡೆ ಪ್ರಯಾಣದಲ್ಲಿ ಒಡೆದಿತ್ತೆಂದು, ನನ್ನ ಕೈಗೆ ಕೊಡುವ ಮೊದಲೇ ಚೀಲದಿಂದ ಒಂದು ಬಿಳಿ ಕಾಗದ ತೆಗೆದು ಅದರಲ್ಲಿ ಸುತ್ತಿದ್ದಳು. ವಿಮಾನದಲ್ಲಿ ಕೊಟ್ಟ ಊಟದ ಪಟ್ಟಿ ಅದು. ಅಲ್ಲಿಂದಲೇ ನನಗೆ ಕಂಡಿತು. ಅಕ್ಷರವಿರುವ ಕಾಗದ ಪವಿತ್ರ, ವಿಭೂತಿ ಪವಿತ್ರ, ಎರಡನ್ನೂ ಕೂಡಿಸಿದ್ದಳು. ಪೂಜೆಯ ನೀರು ಚೆಲ್ಲಿ ಆ ಕಾಗದ ತೊಯ್ದಿತು. ವಿಭೂತಿಯನ್ನು ಬಟ್ಟೆಗೆ ಬದಲಾಯಿಸಿ, ತೊಯ್ದ ಕಾಗದವನ್ನು ಕಣ್ಣಿಗೊತ್ತಿಕೊಂಡು ಮೂಲೆಯ ಬುಟ್ಟಿಗೆ ಹಾಕಿದಳು. ಆಮೇಲೆ ಬಂದು ಚೀಲ ಇಸಿದುಕೊಂಡು, ಎರಡು ಕಡಕ್ ರೊಟ್ಟಿ, ಗುರೆಳ್ಳು ಚಟ್ನಿ ತಿಂದು ನೀರು ಕುಡಿದಳು. ನನಗೂ ಅರ್ಧ ರೊಟ್ಟಿ ಕೊಟ್ಟಳು.

ಮೂರು ಗಂಟೆಯ ಸುಮಾರಿಗೆ ಕೆಂಪು ಗೊಂಡೆಯ ಟೋಪಿಯ ಅಧಿಕಾರಿ ಬಂದು ಮೇಜಿನ ಮುಂದೆ ಕೂತ. ಸಾಲಿನಲ್ಲಿ ನಾನು ಮುಂದೆ, ವೈನಿ ಹಿಂದೆ. ನನ್ನ ಕಾಗದ ತೆಗೆದು ಕೊಟ್ಟೆ, ಮುದ್ರೆ ಒತ್ತಿದ. ವೈನಿ ಚೀಲ ಬಿಚ್ಚಿದಳು. ಪಾಸ್‌ಪೋರ್ಟು ಬಂತು, ಟಿಕೀಟು ಬಂತು. ಕೈಯನ್ನು ಚೀಲದ ತಳದವರೆಗೂ ಆಡಿಸಿದಳು. ಚೀಲವನ್ನು ತಿರುವಿ ಜಾಡಿಸಿದಳು. ಆಮೇಲೆ ಆಕೆಯ ಕಣ್ಣು ಮೂಲೆಯ ಬುಟ್ಟಿಯ ಕಡೆ ಹೋಯಿತು.

“ಅಯ್ಯ ನನ್ನ ಶಿವನ! ವಿಭೂತಿ ಸುತ್ತಿದ್ದೆನಲ್ಲ, ಅದ ಆ ಕಾಗದ ಇದ್ದೀತು ತಂಗಿ. ತೊಯ್ತಂತ ಒಗದಬಿಟ್ಟೆ!”

‘ಇಲ್ಲರಿ, ನನ್ನ ಕಡೆ ಐತಿ’ ಎನ್ನಲು ಎಷ್ಟು ಹೊತ್ತು ಬೇಕು? ಬಾಯಿಯವರೆಗೂ ಬಂದಿತ್ತು. ಕೈ ಕೈಚೀಲದ ಮೇಲೆಯೇ ಇತ್ತು. ಆ ಕ್ಷಣದಲ್ಲಿ ನನಗೆ ಲಂಡನ್ನಿನ ಕಾಲೇಜು ಕಂಡಿತು, ಅಣ್ಣನ ಮುಂದೆ ಇವಳು ನಿಂತದ್ದು ಕಂಡಿತು, ಇವಳ ಜೊತೆ ಮರಳುವ ಹಡಗು ಕಂಡಿತು. ಕೈಚೀಲದ ಗುಂಡಿಯನ್ನು ಒತ್ತಿ ಹಾಕಿದೆ. ಅದು ಟಪ್ ಎಂದಿತು.

ವೈನಿ ಓಡಿಹೋಗಿ ಬುಟ್ಟಿಯೊಳಗೆ ಕೈಹಾಕಿ ಕಾಗದ ಹುಡುಕಿ ತಂದಳು. ಎಂಜಲು ಚಹಾ, ಕಿತ್ತಳೆ ಸಿಪ್ಪೆ, ಅದರೊಳಗಿಂದ ಮುದ್ದೆಯಾದ ಬಿಳಿ ಕಾಗದ. ಮೇಜಿನ ಮೇಲೆ ಎರಡೂ ಕೈಯಿಂದ ಬಿಡಿಸಿಟ್ಟಳು. ಅಧಿಕಾರಿ ಅದನ್ನು ಮುಟ್ಟಲಿಲ್ಲ, ಮುಖ ಕಿವಿಚಿ ಪೆನ್ಸಿಲಿನಿಂದ ಆಚೆ ತಳ್ಳಿದ. ನನಗೆ ಒಂದು ಸಾಲು ಸರಿಯಾಗಿ ಓದಲು ಬಂತು. ಹುರಿದ ಕೋಳಿ, ಬಟಾಣಿ ಎಂದಿತ್ತು. ಹುಟ್ಟಿದಾಗಿನಿಂದ ತತ್ತಿಯನ್ನೂ ಮುಟ್ಟದವಳು ಆ ಕೋಳಿಗೆ ವಿಭೂತಿ ಹಚ್ಚಿ ಕಣ್ಣಿಗೊತ್ತಿಕೊಂಡಿದ್ದಳು. ಒಳಗೊಳಗೇ ನನಗೆ ನಗು ಬಂತು. ಇದನ್ನೂ ಬರೆದುಬಿಡಬೇಕು: ಆ ಹೊತ್ತಿನಲ್ಲಿ ನನಗೆ ನಗು ಬಂತು.

ಅಧಿಕಾರಿ ಇಲ್ಲವೆಂದು ತಲೆಯಾಡಿಸಿದ. ವೈನಿಗೆ ಅದು ಮಾತಿಲ್ಲದೆ ತಿಳಿಯಿತು. ಮೇಜಿನ ಅಂಚು ಹಿಡಿದುಕೊಂಡು, ತನಗೆ ಬರುವ ಇಂಗ್ಲಿಷನ್ನೆಲ್ಲ ಅವನ ಮುಂದೆ ಸುರಿದಳು.

“ಐ ಹ್ಯಾವ್ ಕಮ್. ಸಾಹೇಬ್ರ, ಐ ಹ್ಯಾವ್ ಕಮ್. ಐ ಹ್ಯಾವ್ ಕಮ್.”

ಅವನು ಕೆಟ್ಟವನಲ್ಲ. ನನ್ನ ಕಡೆ ತಿರುಗಿ ಸಾವಕಾಶವಾಗಿ ಎರಡು ದಾರಿ ಹೇಳಿದ. ಒಂದು, ಇಲ್ಲಿಯೇ ಹೊಸದಾಗಿ ಸೂಜಿ ಹಾಕುತ್ತೇವೆ, ಆರು ದಿನ ಕ್ವಾರಂಟೈನ್ ಮನೆಯಲ್ಲಿ ಇರಲಿ, ದಾದಿಯರಿದ್ದಾರೆ, ಆಮೇಲೆ ಮುಂದಿನ ವಿಮಾನಕ್ಕೆ ಹೋಗಲಿ. ಬೇಕಾದರೆ ನೀನೂ ಜೊತೆಗಿರು. ಇನ್ನೊಂದು, ಸಂಜೆ ಮುಂಬಯಿಗೆ ಮರಳುವ ವಿಮಾನವಿದೆ, ಅದರಲ್ಲಿ ಹೋಗಲಿ. ನೀನೇ ಹೇಳು ಎಂದ.

“ಮರಳಿ ಕಳಿಸಿರಿ,” ಎಂದೆ ಇಂಗ್ಲಿಷಿನಲ್ಲಿ. “ಆಕೆಗೆ ಭಾಷೆ ಬರುವುದಿಲ್ಲ, ಒಬ್ಬಳೇ ಇರಲಾರಳು.”

“ಏನಂತಾನ ತಂಗಿ?”

“ಮುಂದ ಬಿಡೂದಿಲ್ಲಂತರಿ. ತಿರುಗಿ ಮುಂಬಯಿಗೆ ಹೋಗಬೇಕಂತ.”

“ಬ್ಯಾರೆ ದಾರಿ ಇಲ್ಲೇನು? ಕೇಳಿ ನೋಡು. ಇನ್ನೊಮ್ಮೆ ಸೂಜಿ ಚುಚ್ಚಂತ ಹೇಳು. ಎರಡೂ ಕೈಗೆ ಚುಚ್ಚಲಿ.”

“ಕೇಳೇನ್ರಿ. ಆಗೂದಿಲ್ಲಂತ.”

ನೀ ಆಕಿ ನಾಲಿಗಿ ಎಂದಿದ್ದ ಅಪ್ಪ. ಆ ನಾಲಿಗೆ ಅಂದು ಇಷ್ಟು ಕೆಲಸ ಮಾಡಿತು.

ಎರಡು ವಿಮಾನಗಳೂ ಸಂಜೆ ಹೆಚ್ಚು ಕಡಿಮೆ ಒಂದೇ ಹೊತ್ತಿಗೆ ಇದ್ದವು. ಮುಂಬಯಿಗೆ ಮರಳುತ್ತಿದ್ದ ಒಂದು ಗುಜರಾತಿ ಕುಟುಂಬಕ್ಕೆ ವೈನಿಯನ್ನು ಒಪ್ಪಿಸಿದೆ. ಮುಂಬಯಿಯಲ್ಲಿ ಅಪ್ಪನ ಪರಿಚಯದ ವ್ಯಾಪಾರಿಗೆ ತಂತಿ ಕೊಡಲು ಹೇಳಿದೆ. ಇಂಥ ವ್ಯವಸ್ಥೆಗಳಲ್ಲಿ ನಾನು ಬಹಳ ಜಾಣೆ. ವೈನಿ ಅಳಲಿಲ್ಲ. ಅತ್ತಿದ್ದರೆ ನನಗೆ ಸಿಟ್ಟು ಬರುತ್ತಿತ್ತು, ಸಿಟ್ಟು ಬಂದಿದ್ದರೆ ಸ್ವಲ್ಪ ಹಗುರಾಗುತ್ತಿದ್ದೆ. ಹೋಳಿಗೆಯ ಡಬ್ಬಿ ನನ್ನ ಕೈಗೆ ಕೊಟ್ಟಳು.

“ನೀ ಹೋಗು ತಂಗಿ. ನನ್ನ ಸಲುವಾಗಿ ನಿನ್ನ ಸಾಲಿ ಕೆಡೂದು ಬ್ಯಾಡ. ಮನ್ಯಾಗಿನವರು ಒಬ್ಬರರ ಅವರ ಮಾರಿ ನೋಡಬೇಕು. ದೇವರು ವರಾ ಕೊಟ್ರೂ ಪೂಜಾರಿ ಕೊಡಲಿಲ್ಲ ನೋಡು.”

ಪೂಜಾರಿ ಎಂದು ಆಕೆ ಹೇಳಿದ್ದು ಕೆಂಪು ಟೋಪಿಯವನಿಗೆ. ಸ್ವಲ್ಪ ದೂರ ಹೋದವಳು ತಿರುಗಿ ಬಂದು ಸೆರಗಿನ ಗಂಟು ಬಿಚ್ಚಿ ಪೆಪ್ಪರಮೆಂಟು ಕೊಟ್ಟಳು. ಏರುವಾಗ ಕಿವಿ ನೋಯುತ್ತದೆ, ಚೀಪು ಎಂದಳು. ನಾನು ವಿಮಾನ ಹತ್ತಿ, ಪಕ್ಕದ ಖಾಲಿ ಸೀಟಿನ ಮೇಲೆ ಕಾಲು ಚಾಚಿ, ಅದನ್ನು ಚೀಪಿದೆ. ನಿದ್ದೆ ಬಂತು. ಚೆನ್ನಾಗಿಯೇ ಬಂತು.

ಲಂಡನ್ನಿನಲ್ಲಿ ಅಣ್ಣ ಒಬ್ಬನೇ ಬಂದಿದ್ದ. ಕನ್ನಡಕ ಹಾಕಿಕೊಂಡಿದ್ದ, ದಪ್ಪಗಾಗಿದ್ದ. ಅಪ್ಪನ ತಂತಿಯಿಂದ ಇಬ್ಬರೂ ಹೊರಟ ಸುದ್ದಿ ತಿಳಿದು ಅವನ ಮುಖ ಬಿಳಚಿಕೊಂಡಿತ್ತು. ನನ್ನ ಹಿಂದೆ ಮುಂದೆ ನೋಡಿದ.

“ಆಕಿ ಎಲ್ಲಿ?”

“ಕೈರೊದಿಂದ ತಿರುಗಿ ಹೋದ್ಲು. ಸೂಜಿ ಕಾಗದ ಇರಲಿಲ್ಲ.”

“ಛಲೋ ಆತು,” ಎಂದ. ಸ್ವಲ್ಪ ದೂರ ನಡೆದ ಮೇಲೆ, “ಪಾಪ,” ಎಂದ. ಹೋಳಿಗೆಯ ಡಬ್ಬಿ ಕೊಡಲು ಹೋದರೆ, ಮನೆಯಲ್ಲಿ ಇದೇನೆಂದು ಕೇಳುತ್ತಾರೆ, ನೀನೇ ಇಟ್ಟುಕೊ ಎಂದ. ಅಲ್ಲಿ ಆಗ ಸಕ್ಕರೆಗೂ ರೇಶನ್ನು. ದಿನಕ್ಕೊಂದರಂತೆ ನಾನೇ ತಿಂದು ಮುಗಿಸಿದೆ. ಬೆಲ್ಲ ಸರಿಯಾಗಿಯೇ ಇತ್ತು.

ಮೊದಮೊದಲು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ: ನಾನು ಆಕೆಗೆ ಉಪಕಾರವನ್ನೇ ಮಾಡಿದೆ, ಸವತಿಯ ಮುಖ ನೋಡುವುದು ತಪ್ಪಿಸಿದೆ. ಇದು ಅಲಂಕಾರದ ಮಾತು. ಉಪಕಾರ ಮಾಡುವವಳು ಪತ್ರ ಬಂದ ದಿನವೇ ಮಾಡುತ್ತಿದ್ದಳು. ನನಗೆ ಮುಂಬಯಿ ದಾಟುವವರೆಗೆ ವೈನಿ ಬೇಕಾಗಿದ್ದಳು, ಕೈರೊ ದಾಟಿದ ಮೇಲೆ ಬೇಡವಾಗಿದ್ದಳು.

ಎರಡು ವರ್ಷದ ಮೇಲೆ ನಾನು ಊರಿಗೆ ಬಂದೆ. ಹುಬ್ಬಳ್ಳಿಯಲ್ಲಿಯೇ ಹೆಣ್ಣುಮಕ್ಕಳ ಶಾಲೆಯಲ್ಲಿ ಕೆಲಸ ಸಿಕ್ಕಿತು. ಓಣಿಯವರು ಆರತಿ ಎತ್ತಿದರು. ವೈನಿ ಆ ಗುಂಪಿನ ಹಿಂದೆ ನಿಂತಿದ್ದಳು. ಮನೆಯಲ್ಲಿ ಆಕೆಯ ಹೆಸರೇ ಬದಲಾಗಿತ್ತು. ಹಾಲು ಉಕ್ಕಿದರೆ, ಸೂಜಿ ಕಳೆದರೆ, ಬಾಗಿಲು ಹಾಕು ಎಂದದ್ದು ಕೇಳದಿದ್ದರೆ ಅವ್ವ ಅನ್ನುತ್ತಿದ್ದಳು: “ಕಾಗದಾ ಕಳಕೊಂಡಾಕಿ. ಕೈಗೆ ಬಂದ ತುತ್ತು ಬಾಯಿಗೆ ಹಾಕ್ಕೊಳ್ಳಾಕ ಬರಲಿಲ್ಲ. ಇಂಥಾ ದಡ್ಡಿನ್ನ ಕಟಗೊಂಡು ನನ್ನ ಮಗಾ ಹೆಂಗರ ಬಂದಾನು?” ಅಣ್ಣ ಬಾರದ್ದಕ್ಕೆ ಈಗ ಮನೆಯಲ್ಲಿ ಒಂದು ಕಾರಣ ಸಿಕ್ಕಿತ್ತು. ಗರಗದವರು ಕರೆಯಲು ಬಂದರೆ ವೈನಿ ಹೋಗಲಿಲ್ಲವಂತೆ. ಇನ್ನೊಮ್ಮೆ ಕರೆ ಬಂದರೆ ನಾನು ಇಲ್ಲಿ ಇರಬೇಕಲ್ಲ ಎಂದಳಂತೆ. ನಾನು ಬಾಯಿ ಬಿಟ್ಟಿದ್ದರೆ ಅದೇ ವಾರ ಗರಗಕ್ಕೆ ಹೋಗಿ, ಅತ್ತು ಮುಗಿಸಿ, ತನ್ನದೊಂದು ಬದುಕು ನೋಡಿಕೊಳ್ಳುತ್ತಿದ್ದಳೋ ಏನೋ. ನಾನು ಬಾಯಿ ಬಿಡಲಿಲ್ಲ. ಅಣ್ಣನ ಸಂಸಾರದ ಸುದ್ದಿಯನ್ನೂ ಹೇಳಲಿಲ್ಲ; ಹೇಳಿದರೆ ನಿನಗೆ ಯಾವಾಗ ತಿಳಿಯಿತು ಎಂಬ ಪ್ರಶ್ನೆ ಬರುತ್ತಿತ್ತು.

ಬಂದ ಮರುದಿನ, ನಾನು ಟ್ರಂಕು ಬಿಚ್ಚುತ್ತಿದ್ದಾಗ ವೈನಿ ಬಂದು ಬಾಗಿಲು ಮುಂದೆ ಮಾಡಿ ಕೂತಳು.

“ಅವತ್ತ ನನ್ನಿಂದ ನೀ ಒಬ್ಬಾಕಿನ ಹೋಗೂ ಹಂಗಾತು. ವಿಮಾನದಾಗ ಅಂಜಿದ್ಯೇನು?” ಎಂದು ಕೇಳಿದಳು. ಇಲ್ಲ ಎಂದೆ. ಸಮಾಧಾನವಾಯಿತು ಆಕೆಗೆ. ಆಮೇಲೆ ಸೆರಗಿನ ಮರೆಯಿಂದ ಬಟ್ಟೆಯ ಚೀಲ ತೆಗೆದು, ಅದರೊಳಗಿಂದ ನಾಲ್ಕು ಬಿಳಿ ಕಾಗದ ತೆಗೆದಳು. ನಾಲ್ಕಕ್ಕೂ ಮೂಲೆಯಲ್ಲಿ ವಿಭೂತಿ. ಕಾಲರಾ ಸೂಜಿಯ ಕಾಗದಗಳು. ಆರು ತಿಂಗಳಿಗೊಮ್ಮೆ ಒಬ್ಬಳೇ ದವಾಖಾನೆಗೆ ನಡೆದುಹೋಗಿ ಚುಚ್ಚಿಸಿಕೊಂಡು ಬರುತ್ತಿದ್ದಳು. ಪ್ರತಿಸಲವೂ ಮೂರು ದಿನ ಜ್ವರ, ಬಾತ ತೋಳು. ಅದೇ ತೋಳಿನಿಂದ ರೊಟ್ಟಿ ಬಡಿಯುವುದು.

“ಇದು ಆರ ತಿಂಗಳಿಗೆ ಸಾಯತೈತಂತ ನೀನ ಹೇಳಿದ್ದಿ. ಅವರು ಅಚಾನಕ್ ಕರಿ ಕಳಿಸಿದರ ಕಾಗದ ಜೀವಂತ ಇರಬೇಕಲ್ಲ. ನನಗ ಓದಾಕ ಬರೂದಿಲ್ಲ, ನೀ ನೋಡು. ಇದು ಖರೇ ಕಾಗದ ಹೌದಲ್ಲ?”

ಬೆಳಕಿಗೆ ಹಿಡಿದು ನೋಡಿದೆ. “ಹೌದ್ರಿ ವೈನಿ, ಖರೇದ.”

“ಹಂಗಾರ ನಿನ್ನ ಕಡೇನ ಇರಲಿ. ನನ್ನ ಕೈಯಾಗ ಇದ್ರ ಕಳೀತೈತಿ.”

ಟ್ರಂಕಿನ ತಳದಲ್ಲಿ ಹಳೆಯ ಕೈಚೀಲವಿತ್ತು. ಅದರ ಮೇಲೆ ನಾಲ್ಕನ್ನೂ ಇಟ್ಟು ಬೀಗ ಹಾಕಿದೆ. ಅಂದಿನಿಂದ ದವಾಖಾನೆಗೆ ಹೋಗುವಾಗ ನಾನೇ ಜೊತೆಗೆ ಹೋಗುತ್ತೇನೆ. ಸೂಜಿ ಕಂಡರೆ ವೈನಿಗೆ ಈಗಲೂ ಹೆದರಿಕೆ. ಮುಖ ಆಚೆ ತಿರುಗಿಸುತ್ತಾಳೆ, ನಾನು ತೋಳು ಹಿಡಿದುಕೊಳ್ಳುತ್ತೇನೆ. ಮನೆಗೆ ಬಂದು ವಿಭೂತಿ ಹಚ್ಚಿ ಕಾಗದ ನನ್ನ ಕೈಗೆ ಕೊಡುತ್ತಾಳೆ. ಕಳೆದ ತಿಂಗಳದ್ದೂ ಸೇರಿ ಈಗ ಟ್ರಂಕಿನಲ್ಲಿ ಹದಿನೇಳು ಇವೆ. ಕೈರೊದ್ದು ಬೇರೆ.